ಸುಣ್ಣದ ತಿಳಿನೀರು: ಅದರ ಬಲ, ಅದರ ಮಿತಿ

ಗಾಜಿನ ಲೋಟದಲ್ಲಿ ಸುಣ್ಣದ ತಿಳಿನೀರನ್ನು ತೆಗೆದುಕೊಂಡು, ಕೊಳವೆಯೊಂದರಿಂದ ಅದರೊಳಕ್ಕೆ ಉಸಿರನ್ನು ಊದಿದರೆ ನೀರು ಹಾಲಿನಂತೆ ಬೆಳ್ಳಗಾಗುವುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡು ನೀರಿನಲ್ಲಿ ಕರಗಿದ್ದ ಸುಣ್ಣದೊಡನೆ ಕೂಡಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುವುದೇ ಇದಕ್ಕೆ ಕಾರಣ. ಪ್ರಯೋಗ ಮುಗಿದೊಡನೆ ನಾವು ಆ ನೀರನ್ನು ಚೆಲ್ಲಿಬಿಡುತ್ತೇವೆ. ಅದರಲ್ಲಿ ಸುಣ್ಣವೆಷ್ಟಿತ್ತು, ಅದನ್ನು ಎಷ್ಟು ಪ್ರಮಾಣದಲ್ಲಿ, ಯಾವ ವೇಗದಲ್ಲಿ ಬಳಸಬೇಕು ಎಂಬ ವಿಚಾರ ನಮಗೆ ಹೊಳೆಯುವುದಿಲ್ಲ. ಹಳೆಯ ಕಟ್ಟಡಗಳನ್ನು ಕಾಯುವವರಿಗೂ, ಬೆಲ್ಲ ತಯಾರಿಸುವವರಿಗೂ, ಗಾಜಿನ ತೊಟ್ಟಿಯಲ್ಲಿ ಹವಳ ಸಾಕುವವರಿಗೂ ಇದೇ ಮುಖ್ಯ ಪ್ರಶ್ನೆ.

ಮೊದಲು ತಿಳಿನೀರನ್ನು ತಯಾರಿಸೋಣ. ಒಂದು ಲೀಟರು ಬಟ್ಟಿ ಇಳಿಸಿದ ನೀರಿಗೆ ಅರಳಿಸಿದ ಸುಣ್ಣದ ಪುಡಿಯನ್ನು 2 ಗ್ರಾಂನಷ್ಟು ಹಾಕಿ, ಶೀಸೆಯ ಬಾಯಿಗೆ ಬಿರಡೆಯನ್ನು ಬಿಗಿದು ಚೆನ್ನಾಗಿ ಕುಲುಕಬೇಕು. ಒಂದು ರಾತ್ರಿ ಅಲುಗಿಸದೆ ಇಟ್ಟರೆ ಗಸಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಮೆಲ್ಲನೆ ಬಸಿದುಕೊಳ್ಳಬೇಕು. ಶೀಸೆ ತೆರೆದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡು ತಾಗಿ ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ. ಅಷ್ಟು ಸುಣ್ಣ ನಷ್ಟವಾದಂತೆಯೇ. ಸುಡುಸುಣ್ಣವನ್ನು ಮಾತ್ರ ಮನೆಯಲ್ಲಿ ಅರಳಿಸಲು ಹೋಗಬಾರದು. ಅದು ನೀರು ಸೋಕಿದೊಡನೆ ಕುದಿದು ಸಿಡಿಯುತ್ತದೆ. ತಿಳಿನೀರು ಸಹ ಕಣ್ಣಿಗೆ ಅಪಾಯಕರ.

ಸಕ್ಕರೆಯನ್ನು ಕರಗಿಸಿದಂತೆ ಸುಣ್ಣವನ್ನು ಬೇಕಾದಷ್ಟು ಕರಗಿಸಲಾಗದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ನೀರು ಸುಮಾರು 1.7 ಗ್ರಾಂ ಸುಣ್ಣವನ್ನು ಮಾತ್ರ ಹಿಡಿದಿಡುತ್ತದೆ. ಇನ್ನೊಂದು ವಿಚಿತ್ರವೆಂದರೆ, ಬಿಸಿಯೇರಿದಷ್ಟೂ ಈ ಶಕ್ತಿ ಕುಗ್ಗುತ್ತದೆ. ಹೊಸಪೇಟೆಯ ಕಡುಬೇಸಗೆಯ 40 ಡಿಗ್ರಿಯಲ್ಲಿ ಕರಗುವುದು ಸುಮಾರು 1.4 ಗ್ರಾಂ. ಆದರೆ ಈ ಅಲ್ಪ ಸುಣ್ಣದ ಕ್ಷಾರಗುಣ ಅಲ್ಪವಲ್ಲ: ತಿಳಿನೀರಿನ ಪೀಎಚ್ ಸುಮಾರು 12.4. ಹೊರುವ ಸುಣ್ಣ ಕಡಿಮೆ, ಕ್ಷಾರ ಮಾತ್ರ ತೀಕ್ಷ್ಣ — ಇದನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹಂಪಿಯಲ್ಲಿ ಕಲ್ಲಿನ ಅಧಿಷ್ಠಾನದ ಮೇಲೆ ಇಟ್ಟಿಗೆ ಗಾರೆಗಳಿಂದ ಎದ್ದ ಗೋಪುರಗಳಿವೆ. ಕೃಷ್ಣದೇವರಾಯನು ಉದಯಗಿರಿಯ ವಿಜಯದ ನೆನಪಿಗೆ ಕಟ್ಟಿಸಿದ ಕೃಷ್ಣ ದೇವಾಲಯದ ಗೋಪುರದಲ್ಲಿ ಗಚ್ಚುಗಾರೆಯ ಶಿಲ್ಪಗಳು ಇಂದಿಗೂ ಉಳಿದಿವೆ. ಇಂಥ ಗಾರೆ ಮುದಿಯಾಗಿ ಹುಡಿಯುದುರತೊಡಗಿದಾಗ ತಿಳಿನೀರನ್ನು ಉಣಿಸಿ ಬಲಪಡಿಸುವ ಒಂದು ಹಳೆಯ ವಿಧಾನ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಒಳಹೊಕ್ಕ ಸುಣ್ಣ ಗಾಳಿಯಿಂದ ಮತ್ತೆ ಕಲ್ಲಾಗುತ್ತದೆ. ಆದರೆ 74 ಗ್ರಾಂ ಸುಣ್ಣದಿಂದ 100 ಗ್ರಾಂ ಕಾರ್ಬೊನೇಟು ದೊರೆಯುವುದರಿಂದ, ಒಂದು ಲೀಟರು ತಿಳಿನೀರು ಬಿಟ್ಟುಹೋಗುವ ಕಲ್ಲು ಕೇವಲ 2.3 ಗ್ರಾಂ. ಆದುದರಿಂದಲೇ ಒಂದೇ ಜಾಗಕ್ಕೆ ಸುಮಾರು 40 ಸಲ ನೀರುಣಿಸುವ ರೂಢಿ ಬಂದಿತು. ಇಲ್ಲಿ ಆತುರಕ್ಕೆ ಎಡೆಯಿಲ್ಲ.

ಕಂಪ್ಲಿ ಕಬ್ಬು ಬೆಳೆಯುವ ಸೀಮೆ. ಕಬ್ಬಿನ ಹಾಲು ತುಸು ಆಮ್ಲಗುಣದ್ದು. ಹಾಗೆಯೇ ಕುದಿಸಿದರೆ ಸಕ್ಕರೆಯ ಒಂದಂಶ ಒಡೆದು, ಬೆಲ್ಲ ಗಟ್ಟಿಯಾಗಲು ತೊಡಕಾಗುತ್ತದೆ. ಸುಣ್ಣ ಸೇರಿಸಿದರೆ ಆಮ್ಲ ತಗ್ಗಿ, ಕೊಳೆ ಹೆಪ್ಪುಗಟ್ಟಿ ಕೊಪ್ಪರಿಗೆಯ ಮೇಲೆ ತೇಲುತ್ತದೆ. ತಿಳಿನೀರಿನಿಂದ ಈ ಕೆಲಸ ಮಾಡಿದರೆ ಅಷ್ಟೊಂದು ನೀರನ್ನು ಆವಿಯಾಗಿಸಬೇಕಾದೀತು. ಆದುದರಿಂದ ಗಸಿಯೂ ಕೂಡಿದ ಸುಣ್ಣದ ಹಾಲನ್ನು ಬಳಸುವುದುಂಟು. ಅದು ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಇಲ್ಲಿ ಅಳತೆ ತಪ್ಪುವಂತಿಲ್ಲ.

ತಾಳ್ಮೆ, ಅಳತೆಗಳೆರಡೂ ಒಟ್ಟಿಗೆ ಬೇಕಾಗುವುದು ಹವಳದ ತೊಟ್ಟಿಯಲ್ಲಿ. ಗಟ್ಟಿ ಹವಳದ ಜೀವಿಗಳು ನೀರಿನ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟುಗಳಿಂದ ತಮ್ಮ ಅಸ್ಥಿಯನ್ನು ಕಟ್ಟುತ್ತವೆ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ; ತೊಟ್ಟಿಯಲ್ಲಿ ಅದು ದಿನದಿನಕ್ಕೆ ಸವೆಯುತ್ತದೆ. ಆವಿಯಾಗಿ ಹೋದ ನೀರಿಗೆ ಬದಲಾಗಿ ತಿಳಿನೀರನ್ನು ಕೊಟ್ಟರೆ ಎರಡು ಕೊರತೆಗಳೂ ಒಮ್ಮೆಗೇ ತುಂಬುತ್ತವೆ. ಆವಿಯಾದುದಕ್ಕಿಂತ ಹೆಚ್ಚು ಕೊಡಬಾರದು. ಕೊಟ್ಟರೆ ಉಪ್ಪಿನಂಶ ಇಳಿಯುತ್ತದೆ. 100 ಲೀಟರಿನ ತೊಟ್ಟಿಗೆ ಒಂದು ಲೀಟರು ತಿಳಿನೀರು ಸೇರಿದರೆ ಕ್ಯಾಲ್ಸಿಯಂ ಲೀಟರಿಗೆ ಸುಮಾರು 9 ಮಿಲಿಗ್ರಾಂನಷ್ಟು ಏರುತ್ತದೆ.

ಆ ಒಂದು ಲೀಟರನ್ನು ಒಮ್ಮೆಲೇ ಸುರಿದರೆ ಏನಾಗುತ್ತದೆ? ಸಮುದ್ರದ ನೀರಿನ ಪೀಎಚ್ ಸುಮಾರು 8.1, ಅದು ಥಟ್ಟನೆ ಏರಿ ಮೀನುಗಳೂ ಹವಳಗಳೂ ಸಾಯಬಹುದು. ಕಾರ್ಬೊನೇಟು ಹವಳಕ್ಕೆ ಸೇರದೆ ನೀರಿನಲ್ಲಿಯೇ ಬಿಳಿಯ ಹುಡಿಯಾಗಿ ಕೂಡುತ್ತದೆ. ಆದುದರಿಂದ ಹನಿಹನಿಯಾಗಿ ಕೊಡಬೇಕು. ರಾತ್ರಿಯಲ್ಲಿ ಜೀವಿಗಳ ಉಸಿರಿನಿಂದ ಪೀಎಚ್ ತಾನಾಗಿ ಇಳಿಯುವುದರಿಂದ ಆ ಹೊತ್ತೇ ಲೇಸು. ಒಂದು ಮಿಲಿಲೀಟರಿಗೆ 20 ಹನಿಗಳೆಂದರೆ ಲೀಟರಿಗೆ 20,000 ಹನಿಗಳು. 12 ಗಂಟೆಗಳಲ್ಲಿ 43,200 ಸೆಕೆಂಡುಗಳು. ಅಂದರೆ ಸುಮಾರು ಎರಡು ಸೆಕೆಂಡಿಗೆ ಒಂದು ಹನಿ. ಈ ಹವ್ಯಾಸಕ್ಕಾಗಿ ನಮ್ಮ ಕಡಲಿನ ಹವಳವನ್ನು ಕೀಳುವಂತಿಲ್ಲವೆಂಬುದನ್ನೂ ಮರೆಯಬಾರದು. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲಿನ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ರಕ್ಷಣೆಯಲ್ಲಿವೆ.

ಜೀವಿಗಳು ನೀರಿನ ಸುಣ್ಣವನ್ನು ಕಲ್ಲಾಗಿಸುವ ಈ ಕಾರ್ಯದ ಗುರುತನ್ನು ನೋಡಲು ಕಡಲಿಗೇ ಹೋಗಬೇಕೆಂದಿಲ್ಲ. ಕಬ್ಬಿಣದ ಅದಿರಿಗೆ ಹೆಸರಾದ ಸಂಡೂರಿನ ಶಿಲಾಪಟ್ಟಿಯಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರಪದರದ ಸುಣ್ಣಶಿಲೆಗಳಿವೆ. 250 ಕೋಟಿ ವರ್ಷಗಳಿಗೂ ಹಿಂದೆ, ಹವಳವೇ ಹುಟ್ಟದಿದ್ದ ಕಾಲದಲ್ಲಿ, ಸೂಕ್ಷ್ಮಜೀವಿಗಳ ನೆರವಿನಿಂದ ಅವು ಒಂದೊಂದೇ ಪದರವಾಗಿ ಬೆಳೆದವು. ನಿಸರ್ಗ ಅನುಸರಿಸಿದ ಆ ನಿಧಾನವೇ ತಿಳಿನೀರನ್ನು ಬಳಸುವವರಿಗೂ ಸರಿಯಾದ ಮಾರ್ಗ. 250 ಲೀಟರಿನ ತೊಟ್ಟಿಯಿಂದ ದಿನಕ್ಕೆ ಎರಡು ಲೀಟರು ಆವಿಯಾದರೆ ಹನಿಯ ವೇಗವೆಷ್ಟಿರಬೇಕು, ಕ್ಯಾಲ್ಸಿಯಂ ಎಷ್ಟು ಏರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಲಿ.