ಕ್ಯಾಮೆರಾದ ಹಣ ಲೆನ್ಸಿಗೆ ಹೋಗಲಿ

ಮೂವತ್ತು ಮೂವತ್ತೈದು ಸಾವಿರದೊಳಗೆ ಯಾವ ಕ್ಯಾಮೆರಾ ತೆಗೆದುಕೊಳ್ಳಬಹುದು ಎಂಬ ಪ್ರಶ್ನೆ ಮಂಗಳೂರಿನಲ್ಲಿ ಇನ್ನೂ ನಿಂತಿಲ್ಲ. ಕೇಳುವವರ ಮನಸ್ಸಿನಲ್ಲಿರುವುದು ಊರಿನ ಯಕ್ಷಗಾನ ಬಯಲಾಟ, ದಸರೆಯ ಹುಲಿವೇಷ, ಮಕ್ಕಳ ಶಾಲಾ ವಾರ್ಷಿಕೋತ್ಸವ, ಮನೆಯಲ್ಲಿ ನಡೆಯುವ ಮೆಹಂದಿ. ಅವರಿಗೆ ಸಿಗುವ ಉತ್ತರ ಮಾತ್ರ ಮೆಗಾಪಿಕ್ಸೆಲ್ ಎಷ್ಟು, ಜೂಮ್ ಎಷ್ಟು ಪಟ್ಟು ಎಂಬಲ್ಲೇ ಮುಗಿಯುತ್ತದೆ. ಈ ಎರಡು ಅಂಕಿಗಳಿಗಾಗಿ ತೆರುವ ಹಣದಲ್ಲಿ ಹೆಚ್ಚಿನದು ವ್ಯರ್ಥ ಎಂಬುದು ನನ್ನ ಅನುಭವದಿಂದ ಗಟ್ಟಿಯಾದ ಅಭಿಪ್ರಾಯ. ಕೈಯಲ್ಲಿರುವ ಹಣ ಕಡಿಮೆ ಇದ್ದಷ್ಟೂ ಅದನ್ನು ಹೊಸ ಕ್ಯಾಮೆರಾ ಬಾಡಿಯ ಮೇಲೆ ಸುರಿಯಬಾರದು. ಬಾಡಿ ಸೆಕೆಂಡ್ ಹ್ಯಾಂಡ್ ಆದರೂ ಸೆನ್ಸರ್ ದೊಡ್ಡದಿರಲಿ, ಉಳಿದ ಹಣದಲ್ಲಿ ಬೆಳಕು ಹೆಚ್ಚು ಬಿಡುವ ಒಂದೇ ಒಂದು ಲೆನ್ಸ್ ಬರಲಿ, ಕೊನೆಗೆ ಸ್ವಲ್ಪ ನಮ್ಮ ಮಳೆಗಾಲದಿಂದ ಅದನ್ನು ಉಳಿಸಿಕೊಳ್ಳುವುದಕ್ಕೆ ಇರಲಿ. ಕರಾವಳಿಯ ಮಟ್ಟಿಗೆ ಅಗ್ಗದ ಕ್ಯಾಮೆರಾ ಎಂದರೆ ಇದು.

ಯಾಕೆ ಎಂಬುದನ್ನು ಬೆಳಕಿನಿಂದಲೇ ಶುರು ಮಾಡಬೇಕು. ಪಣಂಬೂರಿನ ಸೂರ್ಯಾಸ್ತವನ್ನು ಯಾವ ಕ್ಯಾಮೆರಾದಲ್ಲಿ ತೆಗೆದರೂ ಚಂದ ಬರುತ್ತದೆ. ಅದು ಪರೀಕ್ಷೆಯೇ ಅಲ್ಲ. ಪರೀಕ್ಷೆ ಇರುವುದು ರಾತ್ರಿ ಹತ್ತರ ನಂತರದ ರಂಗಸ್ಥಳದಲ್ಲಿ, ಪುಂಡುವೇಷ ಗಿರಗಿರ ತಿರುಗುತ್ತ ಧೀಂಗಿಣ ಹಾಕುವಾಗ. ಅಥವಾ ಹೊನಲು ಬೆಳಕಿನ ಕಂಬಳದಲ್ಲಿ. 2020ರ ಐಕಳ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು ಕೋಣಗಳ ಜತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂಬ ಲೆಕ್ಕ ದೇಶವಿಡೀ ಸುದ್ದಿಯಾಗಿತ್ತು. ಅದರ ಸರಾಸರಿ ಸೆಕೆಂಡಿಗೆ ಹತ್ತೂವರೆ ಮೀಟರ್. ಶಟರ್ ಸೆಕೆಂಡಿನ ಅರುವತ್ತರಲ್ಲಿ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಕೋಣ 17 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಫೋಟೊದಲ್ಲಿ ಕಾಣುವುದು ಕಪ್ಪು ಮಸುಕು. ಸಾವಿರದಲ್ಲಿ ಒಂದು ಭಾಗ ತೆರೆದಿದ್ದರೆ ಚಲನೆ ಒಂದೇ ಸೆಂಟಿಮೀಟರ್. ಕೆಸರಿನ ಒಂದೊಂದು ಹನಿಯೂ ನಿಲ್ಲುತ್ತದೆ. ಆದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ಒಳಗೆ ಹೋಗುವ ಬೆಳಕೂ ಹದಿನೇಳನೇ ಒಂದು ಪಾಲು ಮಾತ್ರ. ಕಳೆದುಹೋದ ಈ ಬೆಳಕನ್ನು ಎಲ್ಲಿಂದ ತರುವುದು ಎಂಬುದೇ ಕ್ಯಾಮೆರಾ ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಅದು ಬರುವುದು ಎರಡೇ ಕಡೆಯಿಂದ. ಒಂದು, ಲೆನ್ಸ್; ಅದರ ಎಫ್ ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು. ಬಾಡಿಯ ಜತೆ ಸಾಮಾನ್ಯವಾಗಿ ಕೊಡುವ 18-55 ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್/5.6ರಲ್ಲಿ ನಿಲ್ಲುತ್ತದೆ. ಜೂಮ್ ಇಲ್ಲದ 50 ಎಂಎಂ ಎಫ್/1.8 ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬಿಡುತ್ತದೆ. ಇನ್ನೊಂದು ಮೂಲ ಸೆನ್ಸರಿನ ಅಗಲ. ಸಣ್ಣ ಕ್ಯಾಮೆರಾಗಳಲ್ಲಿ ಬರುವ 1/2.3 ಇಂಚಿನ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್. ಕ್ಯಾನನ್ 1500ಡಿಯಂಥ ಮಾಮೂಲಿ ಡಿಎಸ್‌ಎಲ್‌ಆರ್‌ನದು 330ಕ್ಕೂ ಹೆಚ್ಚು, ಅಂದರೆ ಹನ್ನೆರಡು ಪಟ್ಟಿನ ಹತ್ತಿರ. ಮೆಗಾಪಿಕ್ಸೆಲ್ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಎ4 ಹಾಳೆಯಷ್ಟು ದೊಡ್ಡ ಫೋಟೊವನ್ನು ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಲು ಒಂಬತ್ತು ಮೆಗಾಪಿಕ್ಸೆಲ್ ಸಾಕು. ಹತ್ತು ವರ್ಷ ಹಳೆಯ ಕ್ಯಾಮೆರಾದಲ್ಲೂ ಅದರ ಎರಡು ಪಟ್ಟು ಇರುತ್ತದೆ. ಬೆಳಕು ಬಿಡುವ ಲೆನ್ಸಿನಿಂದ ಇನ್ನೊಂದು ಲಾಭವಿದೆ, ನನಗೆ ಅದು ಹಣಕ್ಕಿಂತ ಮುಖ್ಯ: ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದರ ಮುಖಕ್ಕೆ ಫ್ಲ್ಯಾಶ್ ಹೊಡೆಯಬೇಕಾಗಿಲ್ಲ. ದೈವದ ಕೋಲ ನಡೆಯುವಲ್ಲಿ ಫೋಟೊ ತೆಗೆಯಬಹುದೇ ಎಂದು ಮನೆಯವರನ್ನೋ ಗುತ್ತಿನವರನ್ನೋ ಕೇಳಿಕೊಂಡೇ ತೆಗೆಯಬೇಕು; ಒಪ್ಪಿಗೆ ಸಿಕ್ಕಲ್ಲೂ ಫ್ಲ್ಯಾಶ್ ಸಲ್ಲದು.

ಹಾಗಾದರೆ ಒಂದೇ ಕ್ಯಾಮೆರಾದಲ್ಲಿ ಎಲ್ಲ ಜೂಮೂ ಸಿಗುವ ಬ್ರಿಡ್ಜ್ ಕ್ಯಾಮೆರಾ ಆಗದೇ ಎಂದು ಕೇಳುವವರಿದ್ದಾರೆ. ಅದು ಹುರುಳಿಲ್ಲದ ಪ್ರಶ್ನೆಯಲ್ಲ. ಕ್ಯಾನನ್ ಎಸ್‌ಎಕ್ಸ್70 ಎಚ್‌ಎಸ್‌ನಲ್ಲಿ 65 ಪಟ್ಟು ಜೂಮ್ ಇದೆ. ಹಗಲಿನ ಬಿಸಿಲಲ್ಲಿ ಪಿಲಿಕುಳದ ಹಕ್ಕಿಗೆ, ಹುಣ್ಣಿಮೆಯ ಚಂದ್ರನಿಗೆ ಅದು ಚೆನ್ನಾಗಿಯೇ ಒದಗುತ್ತದೆ. ಹಕ್ಕಿಯೇ ನಿಮ್ಮ ಆಸಕ್ತಿಯಾದರೆ ಅದನ್ನೇ ಕೊಳ್ಳಿ. ಆದರೆ ಸೆನ್ಸರ್ ಅದೇ 28 ಚದರ ಮಿಲಿಮೀಟರಿನದು, ಜೂಮಿನ ತುದಿಯಲ್ಲಿ ಲೆನ್ಸ್ ಎಫ್/6.5. ರಂಗಸ್ಥಳದಲ್ಲಿ ಎರಡೂ ಕಡೆಯಿಂದ ಪೆಟ್ಟು ಬೀಳುತ್ತದೆ. ಜೂಮ್ ನಿಮ್ಮನ್ನು ಕಿರೀಟದ ತನಕ ಒಯ್ಯುತ್ತದೆ, ಅಲ್ಲಿ ಕಾಣುವುದು ಮಾತ್ರ ಬರೀ ಕಾಳು ಕಾಳು.

ಮೊಬೈಲೇ ಸಾಕು ಎಂಬ ವಾದ ಇನ್ನೂ ಬಲವಾದದ್ದು. ಹಲವರಿಗೆ ಅದೇ ಸರಿಯಾದ ಉತ್ತರ ಕೂಡ. ಫೋಟೊಗಳೆಲ್ಲ ವಾಟ್ಸ್‌ಆ್ಯಪ್ ಗುಂಪಿಗಷ್ಟೇ ಹೋಗುವುದಾದರೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಈಗಿನ ಮೊಬೈಲ್ ಕತ್ತಲಲ್ಲಿ ಒಂದರ ಬೆನ್ನಿಗೆ ಒಂದರಂತೆ ಹಲವು ಚಿತ್ರ ತೆಗೆದು ಸೇರಿಸಿ ಒಂದನ್ನು ಕಟ್ಟಿಕೊಡುತ್ತದೆ; ಕುದ್ರೋಳಿ ದೇವಸ್ಥಾನದ ದೀಪಾಲಂಕಾರ ಅದರಲ್ಲಿ ಸೊಗಸಾಗಿಯೇ ಬರುತ್ತದೆ. ಆದರೆ ಈ ಉಪಾಯ ನಡೆಯುವುದು ಎದುರಿನ ವಸ್ತು ಕದಲದಿದ್ದಾಗ. ಹುಲಿವೇಷದವರು ಪಲ್ಟಿ ಹೊಡೆಯುವಾಗ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ತಾಳೆ ಆಗುವುದಿಲ್ಲ, ಬಣ್ಣದ ಪಟ್ಟೆಗಳು ಮೈಮೇಲೆ ಕಲಸಿಹೋಗುತ್ತವೆ. ಕ್ಯಾಮೆರಾ ಬೇಕೇ ಬೇಡವೇ ಎಂದು ನಿರ್ಧರಿಸಲು ಖರ್ಚಿಲ್ಲದ ದಾರಿಯೊಂದಿದೆ. ಮೊಬೈಲಿನಲ್ಲಿ ಈಗಾಗಲೇ ಇರುವ ಫೋಟೊಗಳಲ್ಲಿ ಮಸುಕಾದವುಗಳನ್ನು ಬೇರೆ ತೆಗೆದು, ಅವು ಎಲ್ಲಿ, ಯಾವ ಹೊತ್ತಿನಲ್ಲಿ ತೆಗೆದವು ಎಂದು ನೋಡಿ. ಅಲ್ಲಿರುವುದು ರಾತ್ರಿಯ ಕುಣಿತ, ಓಟ, ಸಭಾಂಗಣದ ಮಕ್ಕಳು ಎಂದಾದರೆ ಕ್ಯಾಮೆರಾಕ್ಕೆ ಕಾರಣವಿದೆ.

ಹೊಸದೇ ಬೇಕು ಎನ್ನುವವರಿಗೆ ಮಾರುಕಟ್ಟೆಯ ಸ್ಥಿತಿ ಹೇಳಬೇಕು. ಜಪಾನಿನ ತಯಾರಕರ ಸಂಘ ಸಿಪಾದ ಲೆಕ್ಕದಂತೆ 2010ರಲ್ಲಿ 12 ಕೋಟಿ ದಾಟಿದ್ದ ಡಿಜಿಟಲ್ ಕ್ಯಾಮೆರಾಗಳ ಸರಬರಾಜು 2023ರಲ್ಲಿ 80 ಲಕ್ಷಕ್ಕಿಂತ ಕೆಳಗಿತ್ತು. ಅಗ್ಗದ ಶ್ರೇಣಿಯನ್ನು ಮೊಬೈಲ್ ನುಂಗಿತು, ಕಂಪನಿಗಳು ದುಬಾರಿ ಮಿರರ್‌ಲೆಸ್‌ನತ್ತ ಹೊರಳಿದವು. 2020ರ ಬಳಿಕ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ. ಮುಗಿದ ತಂತ್ರಜ್ಞಾನಕ್ಕೆ ಹಣ ಹಾಕುವುದೇ ಎಂದು ಇದನ್ನೇ ಆಕ್ಷೇಪವಾಗಿ ಹೇಳುತ್ತಾರೆ. ಕೊಳ್ಳುವವರ ಕಡೆಯಿಂದ ನೋಡಿದರೆ ಇದೇ ಅನುಕೂಲ: ಮದುವೆ ಫೋಟೊಗ್ರಾಫರ್‌ಗಳು ಮಿರರ್‌ಲೆಸ್‌ಗೆ ಹೋದಂತೆ ಅವರ ಹಳೆಯ ಸಾಮಾನು ಇಳಿದ ಬೆಲೆಗೆ ಹೊರಬರುತ್ತಿದೆ. ಹಳೆಯ ಲೆನ್ಸ್ ಹೊಂದುವುದಿಲ್ಲವೆಂಬ ಚಿಂತೆಯೂ ಬೇಡ. ಕ್ಯಾನನ್‌ನ ಇಎಫ್ ಮೌಂಟ್, ಅಂದರೆ ಲೆನ್ಸ್ ಕೂರುವ ಬಳೆ, ಶುರುವಾದದ್ದು 1987ರಲ್ಲಿ. ಅಂದಿನ ಇಎಫ್ ಲೆನ್ಸ್ ಇಂದಿನ 1500ಡಿಗೂ ಕೂರುತ್ತದೆ. ಎರಡು ಕಡೆ ಮಾತ್ರ ಎಚ್ಚರ ಬೇಕು. ನಿಕಾನ್ ಡಿ3500, ಡಿ5600 ಬಾಡಿಗಳೊಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಗುತ್ತದೆಂದು ಹಳೆಯ 50 ಎಂಎಂ ಎಫ್/1.8ಡಿ ತಂದರೆ ಆಟೊಫೋಕಸ್ ಆಗದು, ಎಎಫ್-ಎಸ್ ಎಂದು ಬರೆದಿರುವುದೇ ಬೇಕು. ಕ್ಯಾನನ್ 3000ಡಿಯ ಲೆನ್ಸ್ ಮೌಂಟ್ ಪ್ಲಾಸ್ಟಿಕ್ಕಿನದು; ಲೆನ್ಸ್ ಆಗಾಗ ಬದಲಿಸುವವರು ಲೋಹದ ಮೌಂಟ್ ಇರುವ 1500ಡಿಯನ್ನೇ ಹುಡುಕಬೇಕು.

ಸೆಕೆಂಡ್ ಹ್ಯಾಂಡ್ ಎಂದರೆ ಮೋಸ ಎಂಬ ಭಯಕ್ಕೆ ಉತ್ತರ ಪರೀಕ್ಷೆಯೇ. ಹಂಪನಕಟ್ಟೆಯ ಅಂಗಡಿಯಾಗಲಿ ಮಾರುವವರ ಮನೆಯಾಗಲಿ, ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಅಲ್ಲಿ ತೆಗೆದದ್ದನ್ನು ಮನೆಗೆ ತಂದು ದೊಡ್ಡ ಪರದೆಯಲ್ಲಿ ನೋಡದೆ ಹಣ ಕೊಡಬೇಡಿ. ಮೊದಲು ಲೆನ್ಸ್ ಕಳಚಿ ಒಂದು ಬದಿಯಿಂದ ಮೊಬೈಲಿನ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಬೇಕು. ನಿಕಾನ್ ಎಎಫ್-ಎಸ್ ಲೆನ್ಸ್ ಕಳಚಿದಾಗ ಒಳಗಿನ ಕಿಂಡಿ ಮುಚ್ಚಿಕೊಂಡಿರುತ್ತದೆ, ಹಿಂಬದಿಯ ಪುಟ್ಟ ಕಡ್ಡಿಯನ್ನು ಬೆರಳಲ್ಲಿ ಸರಿಸಿ ಹಿಡಿಯಬೇಕು. ಗಾಜಿನ ಅಂಚಿನಿಂದ ಜೇಡರ ಬಲೆಯ ಎಳೆಯಂತೆ ಬೆಳ್ಳಗೆ ಹಬ್ಬಿದ್ದು ಕಂಡರೆ ಅದು ಫಂಗಸ್. ಎಷ್ಟು ಅಗ್ಗವಾದರೂ ಅಂಥದ್ದು ಬೇಡ. ಅದು ಗಾಜಿನ ಲೇಪನವನ್ನು ತಿಂದಿದ್ದರೆ ಸ್ವಚ್ಛ ಮಾಡಿಸಿದ ಮೇಲೂ ಗುರುತು ಉಳಿಯುತ್ತದೆ. ಬ್ಯಾಟರಿ ಕೂರುವ ಜಾಗದ ತಗಡಿನಲ್ಲಿ ಹಸಿರು ಕಿಲುಬು, ಸ್ಕ್ರೂಗಳಲ್ಲಿ ತುಕ್ಕು, ಹಿಡಿಯ ರಬ್ಬರಿನಲ್ಲಿ ಅಂಟು ಇದ್ದರೆ ಆ ಕ್ಯಾಮೆರಾ ಉಪ್ಪುಗಾಳಿಯಲ್ಲಿ ಬಾಳಿದೆ ಎಂದು ಲೆಕ್ಕ. ಆಮೇಲೆ ಎಫ್/16ರಲ್ಲಿ, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಒಂದು ಫೋಟೊ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕಿಗಳಾಗಿ ಕಾಣುತ್ತದೆ. ಧೂಳು ಹೋಗುವಂಥದ್ದು, ಅದು ಬೆಲೆ ಇಳಿಸಲು ಒಂದು ಕಾರಣವಷ್ಟೆ. ದಿನಪತ್ರಿಕೆಯನ್ನು ಮೇಜಿನ ಮೇಲೆ ಹರಡಿ ಓರೆಯಿಂದ ನಡುವಿನ ಒಂದು ಸಾಲಿಗೆ ಎಫ್/1.8ರಲ್ಲಿ ಫೋಕಸ್ ಮಾಡಿ. ಸ್ಪಷ್ಟವಾಗಿ ಬಂದ ಸಾಲು ಅದೇ ಆಗಿರಬೇಕು, ಹಿಂದಿನದ್ದೋ ಮುಂದಿನದ್ದೋ ಅಲ್ಲ. ಮಿರರ್‌ಲೆಸ್ ಆದರೆ ಸದ್ದಿಲ್ಲದ ಶಟರ್ ಹಾಕಿ ಎಲ್‌ಇಡಿ ದೀಪದಡಿ ಒಂದು ಚಿತ್ರ ತೆಗೆಯಿರಿ. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ; ಚಿತ್ರದಲ್ಲಿ ಅಡ್ಡಗೆರೆ ಬಂದರೆ ವೇದಿಕೆಯ ಕಾರ್ಯಕ್ರಮಗಳಲ್ಲಿ ಸದ್ದಿನ ಶಟರನ್ನೇ ಬಳಸಬೇಕಾಗುತ್ತದೆ. ಶಟರ್ ಎಷ್ಟು ಸಲ ಬಡಿದಿದೆ ಎಂಬುದು ನಿಕಾನ್‌ನಲ್ಲಿ ಫೋಟೊದ ಮಾಹಿತಿಯಲ್ಲೇ ಸಿಗುತ್ತದೆ. ಡಿ3500ರ ಶಟರನ್ನು ಕಂಪನಿ ಪರೀಕ್ಷಿಸಿರುವುದು ಒಂದು ಲಕ್ಷ ಸಲಕ್ಕೆ. ಇಪ್ಪತ್ತು ಮೂವತ್ತು ಸಾವಿರ ಆಗಿದ್ದರೆ ಮನೆ ಬಳಕೆಗೆ ಇನ್ನೂ ವರ್ಷಗಟ್ಟಲೆ ಬರುತ್ತದೆ.

ಇನ್ನು ಮಳೆಗಾಲದ ಖರ್ಚು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿದು, ಜುಲೈಯಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಸಲು ಬರುತ್ತದೆ. ಗಾಳಿಯ ತೇವಾಂಶ ಶೇ 60 ದಾಟಿದ ಜಾಗದಲ್ಲಿ ವಾರಗಟ್ಟಲೆ ಮುಟ್ಟದೆ ಇಟ್ಟ ಲೆನ್ಸ್ ಅಪಾಯದಲ್ಲಿದೆ. ಶೇ 40ರಿಂದ 50ರ ನಡುವೆ ಇದ್ದರೆ ಕ್ಷೇಮ. ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳಲೇಬೇಕೆಂದಿಲ್ಲ. ಗಾಳಿಯಾಡದ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಪುಟ್ಟ ತೇವಾಂಶ ಮಾಪಕ ಸಾಕು. ನೀಲಿ ಹರಳು ಗುಲಾಬಿಗೆ ತಿರುಗಿದಾಗ ಹದವಾಗಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಕ್ಯಾಮೆರಾದ ಜತೆ ಬಂದ ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಚರ್ಮ ತೇವ ಹೀರಿಕೊಂಡು ಬಿಡುವುದೇ ಇಲ್ಲ. ಎ.ಸಿ. ಕೋಣೆಯಿಂದ ಹೊರಬರುವಾಗ ಚೀಲದೊಳಗೇ ಸ್ವಲ್ಪ ಹೊತ್ತು ಬಿಟ್ಟು ತೆರೆಯಬೇಕು, ಇಲ್ಲವಾದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ.

ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಲಾಭವಲ್ಲವೇ ಎಂಬುದಕ್ಕೆ ಲೆಕ್ಕವೇ ಉತ್ತರ ಕೊಡಲಿ. ಹಳೆಯ ಬಾಡಿಯ ಖರೀದಿಗೆ ಇಪ್ಪತ್ತು ಸಾವಿರ, ಲೆನ್ಸಿಗೆ ಒಂಬತ್ತು, ಡಬ್ಬಿ, ಕಾರ್ಡು, ಹೆಚ್ಚುವರಿ ಬ್ಯಾಟರಿಗೆ ಮೂರು, ಹೀಗೆ 32,000 ರೂಪಾಯಿ ಹಾಕಿದಿರಿ ಎಂದಿಟ್ಟುಕೊಳ್ಳೋಣ. ನಾಲ್ಕು ವರ್ಷದ ನಂತರ ಅರ್ಧ ಬೆಲೆಗೆ ಮಾರಿದರೆ ನಿಜವಾದ ಖರ್ಚು ವರ್ಷಕ್ಕೆ 4,000. ಅಂಥದ್ದೇ ಕ್ಯಾಮೆರಾದ ದಿನದ ಬಾಡಿಗೆ ಸಾವಿರ ಎಂದಾದರೆ, ವರ್ಷಕ್ಕೆ ನಾಲ್ಕು ದಿನಕ್ಕಿಂತ ಕಡಿಮೆ ಬಳಸುವವರು ಕೊಳ್ಳಬಾರದು. ಅದಕ್ಕಿಂತ ಹೆಚ್ಚು ಬಳಸುವವರಿಗೂ ಮೊದಲು ಒಂದು ರಾತ್ರಿಗೆ ಅದೇ ಮಾದರಿಯನ್ನು ಬಾಡಿಗೆಗೆ ಪಡೆದು ಬಯಲಾಟಕ್ಕೆ ಒಯ್ಯಿರಿ ಎಂದೇ ಹೇಳುತ್ತೇನೆ. ಕೈಗೆ ಭಾರವೇ, ಕತ್ತಲಲ್ಲಿ ಗುಂಡಿಗಳು ಬೆರಳಿಗೆ ಸಿಗುತ್ತವೆಯೇ, ಕೂತ ಜಾಗದಿಂದ 50 ಎಂಎಂ ಸಾಕೇ ಎಂಬುದೆಲ್ಲ ಅಂಗಡಿಯ ಕೌಂಟರಿನಲ್ಲಿ ತಿಳಿಯುವಂಥದ್ದಲ್ಲ.

ಹೊಸದನ್ನೇ ಕಂತಿನಲ್ಲಿ ಕೊಳ್ಳುವವರು ನೋ ಕಾಸ್ಟ್ ಇಎಂಐಯ ಒಳಗನ್ನು ನೋಡಬೇಕು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. 40,000 ರೂಪಾಯಿಯ ಕ್ಯಾಮೆರಾವನ್ನು ಶೇ 15ರ ಬಡ್ಡಿಯ ಕಾರ್ಡಿನಲ್ಲಿ ಹನ್ನೆರಡು ಕಂತಿಗೆ ಹಾಕಿದರೆ, ಅದರೊಳಗೆ ಸುಮಾರು 3,070 ರೂಪಾಯಿ ಬಡ್ಡಿ ಇರುತ್ತದೆ. ಅಷ್ಟನ್ನೇ ಮಾರುವವರು ರಿಯಾಯಿತಿ ಎಂದು ಮೊದಲೇ ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಅಂದರೆ 550 ರೂಪಾಯಿಯಷ್ಟು, ಮತ್ತು ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ನಿಮ್ಮ ತಲೆಗೆ. ಪೂರ್ತಿ ಹಣ ಕೈಯಲ್ಲಿದ್ದರೆ ಅದೇ ಮೂರು ಸಾವಿರವನ್ನು ನಗದು ರಿಯಾಯಿತಿಯಾಗಿ ಕೇಳಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ. ಡಿಜಿಟಲ್ ಕ್ಯಾಮೆರಾದ ಮೇಲಿನ ಜಿಎಸ್‌ಟಿ 2019ರ ಜನವರಿಯಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಆ ತೆರಿಗೆ ಉಳಿಸಲು ಹೋದರೆ ಭಾರತದ ವಾರಂಟಿಯೂ ಹೋಗುತ್ತದೆ, ನಾಲ್ಕು ವರ್ಷದ ನಂತರ ಮಾರುವಾಗ ಸಿಗಬೇಕಾದ ಬೆಲೆಯೂ ಹೋಗುತ್ತದೆ. ಹಳೆಯದನ್ನು ಕೊಳ್ಳುವಾಗಲೂ ಮೊದಲಿನವರ ಬಿಲ್ ಕೇಳಿ ಪಡೆದು, ಅದರಲ್ಲಿರುವ ಸೀರಿಯಲ್ ನಂಬರು ಬಾಡಿಯ ತಳದಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ಅಲ್ಲೇ ನಿಂತು ನೋಡಿ, ಮಾರಿದವರ ಸಹಿಯ ಒಂದು ರಶೀದಿಯನ್ನು ಅದಕ್ಕೆ ಸೇರಿಸಿಟ್ಟುಕೊಳ್ಳಿ.