ಕರಗುವ ಕವರಿನ ಶೇರು: ಒಬ್ಬ ಅಂಗಡಿಯವನ ಪಾಠಗಳು

ದಾವಣಗೆರೆಯ ಮಂಡಿಪೇಟೆ ಹತ್ತಿರದ ಗಲ್ಲಿಯೊಂದರಲ್ಲಿ ನನ್ನದು ಪ್ಯಾಕಿಂಗ್ ಸಾಮಾನಿನ ಅಂಗಡಿ. ಕವರು, ಪೇಪರ್ ಲೋಟ, ಅಡಿಕೆ ಹಾಳೆ ತಟ್ಟೆ, ರಬ್ಬರ್ ಬ್ಯಾಂಡು, ಸುತಲಿ. ಇಪ್ಪತ್ತಾರು ವರ್ಷದಿಂದ ಇದೇ ವ್ಯಾಪಾರ. ಶೇರಿನ ಚಟ ಅಂಟಿದ್ದು ಆಮೇಲೆ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ನೆಪದಲ್ಲಿ ನಾವು ಐದು ಜನ ಸೇರುತ್ತೇವೆ: ರಿಟೈರಾದ ಕೆಮಿಸ್ಟ್ರಿ ಮೇಷ್ಟ್ರು, ವಿಆರ್‌ಎಸ್ ತಗೊಂಡ ಬ್ಯಾಂಕ್ ಕ್ಯಾಷಿಯರ್, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರ ಗೌಡರು, ಬೆಂಗಳೂರಿನ ಕಂಪನಿಗೆ ಮನೆಯಲ್ಲೇ ಕೂತು ಕೆಲಸ ಮಾಡುವ ಒಬ್ಬ ಹುಡುಗ, ಮತ್ತೆ ನಾನು.

2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಪ್ಲಾಸ್ಟಿಕ್ ನಿಯಮ ಬಿಗಿ ಮಾಡಿತು. ಕ್ಯಾರಿ ಬ್ಯಾಗಿನ ಕನಿಷ್ಠ ದಪ್ಪ ಸೆಪ್ಟೆಂಬರ್ ಕೊನೆಯಿಂದ 75 ಮೈಕ್ರಾನ್, 2022ರ ಡಿಸೆಂಬರ್ ಕೊನೆಯಿಂದ 120. ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಸ್ಟ್ರಾಗಳಿಗೆ 2022ರ ಜುಲೈ 1ರಿಂದ ಪೂರ್ತಿ ನಿಷೇಧ. ಗೊಬ್ಬರವಾಗುವ ಪ್ಲಾಸ್ಟಿಕ್ಕಿನ ಚೀಲಕ್ಕೆ ಮಾತ್ರ ಈ ದಪ್ಪದ ಲೆಕ್ಕ ಇಲ್ಲ. ಹುಡುಗ ಅದೇ ವಾರ ಎಸ್‌ಎಂಇ ಪೇಟೆಯ, ಅಂದರೆ ಸಣ್ಣ ಕಂಪನಿಗಳ ಶೇರು ಪೇಟೆಯ, ಒಂದು ಕಂಪನಿಯನ್ನು ಹಿಡಿದುಕೊಂಡು ಬಂದ. ಕರಗುವ ಕವರು ಮಾಡುವ ತಂತ್ರಜ್ಞಾನ ತಮ್ಮದೇ ಅನ್ನುತ್ತಿದ್ದ ಕಂಪನಿ. ಹೆಸರು ಇಲ್ಲಿ ಬೇಡ. ಉಳಿದವರು ತಲಾ ಒಂದು ಲಾಟ್ ಕೊಂಡರು. ಕವರಿನ ವ್ಯಾಪಾರಿ ಅನ್ನೋ ಗತ್ತಿಗೆ ನಾನು ಎರಡು ಕೊಂಡೆ.

ಮುಂದಿನ ಮೂರು ವರ್ಷ ವಾದ ಮಾಡಿದ್ದೇ ಮಾಡಿದ್ದು. ಅಂಗಡಿಗೆ ಹೊಸ ಮಾಲು ತಂದವನಿಗೆ ನಾನು ದಿನಾ ಕೇಳುವ ಪ್ರಶ್ನೆ ನಾಲ್ಕೇ: ಎಲ್ಲಿಂದ ಬರುತ್ತೆ, ಏನು ರೇಟು, ಎಷ್ಟು ದಿನ ಉದ್ರಿ, ಉಳಿದರೆ ವಾಪಸ್ ತಗೋತೀಯಾ. ಡಿಮ್ಯಾಟ್ ಮುಂದೆ ಕೂತಾಗ ನಾಲ್ಕನ್ನೂ ಮರೆತಿದ್ದೆ. ಕೆಳಗಿನದೆಲ್ಲ ಆ ಮರೆವಿನ ಲೆಕ್ಕ.

1. ಕರಗುತ್ತೆ ಅಂದವನಿಗೆ ಎಲ್ಲಿ ಅಂತ ಕೇಳಿ

ಮೊದಲ ವರ್ಷದ ವಾದವೆಲ್ಲ ಇದರ ಸುತ್ತಲೇ. ಮೇಷ್ಟ್ರು ಪೇಪರ್ ನ್ಯಾಪ್ಕಿನ್ ಮೇಲೆ ಸರಪಳಿ ಬಿಡಿಸಿ ತೋರಿಸುತ್ತಿದ್ದರು. ಪಿಎಲ್‌ಎ ಅಂದರೆ ಜೋಳದ ಅಥವಾ ಕಬ್ಬಿನ ಸಕ್ಕರೆ ಹುದುಗಿಸಿ ತೆಗೆದ ಲ್ಯಾಕ್ಟಿಕ್ ಆಮ್ಲದ ಸರ. ಪಿಬಿಎಟಿ ಹೆಚ್ಚಾಗಿ ಪೆಟ್ರೋಲಿಯಂ ಮೂಲದ್ದೇ, ಆದರೂ ಸೂಕ್ಷ್ಮಜೀವಿ ತಿನ್ನಬಲ್ಲದು. ಮೆದು ಕವರು ಸಾಮಾನ್ಯವಾಗಿ ಈ ಎರಡರ ಜೊತೆ ಪಿಷ್ಟ ಬೆರೆಸಿದ ಮಿಶ್ರಣ. ಇದೆಲ್ಲ ಸರಿ. ಆದರೆ ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ಕೊಡುವ ಐಎಸ್ 17088 ಪ್ರಮಾಣಪತ್ರಕ್ಕೆ ಮಾಡುವ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯ ಗೊಬ್ಬರದಲ್ಲಿ, 180 ದಿನದೊಳಗೆ ಶೇ. 90ರಷ್ಟು ಇಂಗಾಲ ಗಾಳಿಗೆ ಹೋಗಬೇಕು ಅನ್ನುವ ಲೆಕ್ಕದಲ್ಲಿ. ಅಂಥ ಬಿಸಿ ಹುಟ್ಟುವುದು ದೊಡ್ಡ ಗೊಬ್ಬರ ಘಟಕದ ರಾಶಿಯಲ್ಲಿ. ನಮ್ಮೂರ ಚರಂಡಿ 58 ಡಿಗ್ರಿ ಇರುವುದಿಲ್ಲ, ಭದ್ರಾ ಕಾಲುವೆಯೂ ಇರುವುದಿಲ್ಲ.

ಗೌಡರು ವಾದಕ್ಕೆ ಇಳಿಯದೆ ಎರಡು ಕವರು ಒಯ್ದು ತಮ್ಮ ತೋಟದ ತಿಪ್ಪೆಯಲ್ಲಿ ಹೂತರು. ನಾಲ್ಕು ತಿಂಗಳಾದ ಮೇಲೆ ತೆಗೆದು ತಂದರು. ಅಂಚು ಇಲಿ ಕಡಿದಂತೆ ಹರಿದಿತ್ತು, ನಡುವೆ ತೂತು ಬಿದ್ದಿತ್ತು, ಆದರೆ ಹಸಿರು ಎಲೆಯ ಚಿತ್ರ ಅಚ್ಚುಕಟ್ಟಾಗಿ ಉಳಿದಿತ್ತು. "ನಿಮ್ಮ ಎಲೆ ಇನ್ನೂ ಉದುರಿಲ್ಲ ನೋಡ್ರಿ ಮೇಷ್ಟ್ರೆ" ಅಂತ ಟೇಬಲ್ ಮೇಲೆ ಹಾಸಿದರು. ಹೋಟೆಲಿನವನು ಬಂದು ಎತ್ತಿಸಿದ.

ಇನ್ನೊಂದು ದಿನ ಹುಡುಗ ಪಿಎಲ್‌ಎಯ ಪಾರದರ್ಶಕ ಲೋಟದ ಸ್ಯಾಂಪಲ್ ತಂದಿದ್ದ. ಮೇಷ್ಟ್ರು ಅದಕ್ಕೇ ಚಹಾ ಸುರಿದರು. ಲೋಟದ ಸೊಂಟ ನಿಧಾನವಾಗಿ ಬಳುಕಿ, ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿ, ಚಹಾ ಕ್ಯಾಷಿಯರ್ ಪ್ಯಾಂಟಿನ ಮೇಲೆ ಹೋಯಿತು. ಪಿಎಲ್‌ಎ 60 ಡಿಗ್ರಿ ಆಸುಪಾಸಿಗೇ ಮೆತ್ತಗಾಗುತ್ತದೆ ಅಂತ ಮೇಷ್ಟ್ರಿಗೆ ಗೊತ್ತಿತ್ತಂತೆ. ಕಣ್ಣಾರೆ ನೋಡಬೇಕಿತ್ತಂತೆ.

2. ನಿಷೇಧವನ್ನು ಆರ್ಡರ್ ಅಂತ ಓದಬೇಡಿ

ಈ ತಪ್ಪು ಮಾಡಬಾರದಾಗಿದ್ದ ಒಬ್ಬನೇ ಮನುಷ್ಯ ನಾನು. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕ್ಯಾರಿ ಬ್ಯಾಗು, ತಟ್ಟೆ, ಲೋಟ, ಫ್ಲೆಕ್ಸು ಎಲ್ಲಕ್ಕೂ ನಿಷೇಧ ಬಂದಿತ್ತು. ಆಗ ಏನಾಯಿತು ಅಂತ ನನ್ನ ಗಲ್ಲಾಪೆಟ್ಟಿಗೆಗೆ ಗೊತ್ತು. ಎರಡು ವಾರ ಪಾಲಿಕೆಯವರ ದಾಳಿ, ದಂಡದ ರಸೀದಿ, ಪೇಪರಿನಲ್ಲಿ ಫೋಟೋ. ಆಮೇಲೆ ತರಕಾರಿಯವರು ಕವರನ್ನು ತಟ್ಟಿನ ಕೆಳಗೆ ಬಚ್ಚಿಟ್ಟರು. ಬಟ್ಟೆ ಅಂಗಡಿಯವರು ನಾನ್-ವೋವನ್ ಚೀಲಕ್ಕೆ ಹೋದರು. ಅದು ಕೈಗೆ ಬಟ್ಟೆಯಂತೆ ಸಿಗುತ್ತದೆ, ಅಸಲಿಗೆ ಪಾಲಿಪ್ರೊಪಿಲೀನ್, ಅಂದರೆ ಅದೂ ಪ್ಲಾಸ್ಟಿಕ್ಕೇ. ಬೇಕರಿಯವರು ಪೇಪರಿಗೆ ಹೋದರು. ಕರಗುವ ಕವರು ಕೇಳಿಕೊಂಡು ಬಂದವರು ಒಂದು ಸೂಪರ್ ಮಾರ್ಕೆಟ್ಟು, ಒಂದು ಔಷಧಿ ಅಂಗಡಿ. ಅವರೂ ಮೂರು ತಿಂಗಳಲ್ಲಿ ರೇಟು ನೋಡಿ ಹಿಂದೆ ಸರಿದರು.

2021ರಲ್ಲಿ ದೇಶದ ನಿಯಮ ಬಂದಾಗ ಇದನ್ನೆಲ್ಲ ಟೇಬಲ್ ಮೇಲೆ ಇಡಬೇಕಿತ್ತು. ಇಡಲಿಲ್ಲ. ನಾನ್-ವೋವನ್ನಿಗೂ ಚದರ ಮೀಟರಿಗೆ 60 ಗ್ರಾಂ ಅಂತ ಕಟ್ಟುಪಾಡು ಬಂತಲ್ಲ, ಇನ್ನು ದಾರಿ ಖುಲ್ಲಾ ಅಂದುಕೊಂಡೆ. ಒಂದು ಬಾಗಿಲು ಹಾಕಿದರೆ ಜನ ನಾವು ಬಯಸಿದ ಬಾಗಿಲಿನಿಂದಲೇ ಬರುತ್ತಾರೆ ಅನ್ನುವ ನಂಬಿಕೆ ವ್ಯಾಪಾರಿಗೂ ಬರುತ್ತದೆ, ಶೇರು ಕೈಯಲ್ಲಿದ್ದರೆ.

3. ದಾಣಾ ಯಾರದು?

ಕವರಿನ ಉದ್ಯಮದಲ್ಲಿ ಎಲ್ಲ ಲೆಕ್ಕವೂ ದಾಣಾದಿಂದ ಶುರು. ಸಾಸಿವೆಗಿಂತ ದಪ್ಪ, ಸಾಬುದಾನಿಯಷ್ಟು ಗಾತ್ರದ ಪ್ಲಾಸ್ಟಿಕ್ ಕಾಳು. ಅದನ್ನು ಕಾಯಿಸಿ, ಗುಳ್ಳೆಯಂತೆ ಊದಿ, ಚಪ್ಪಟೆ ಮಾಡಿ, ರೋಲಿಗೆ ಸುತ್ತಿ, ಸೀಲ್ ಹಾಕಿ ಕತ್ತರಿಸಿದರೆ ಕವರು. ಊದುವ ಮಷಿನ್ ಯಾರು ಬೇಕಾದರೂ ತರಬಹುದು. ಸಾದಾ ಕವರಿನ ಮಷಿನ್ನನ್ನೇ ಸ್ವಲ್ಪ ಹೊಂದಿಸಿಕೊಂಡೂ ಓಡಿಸುತ್ತಾರೆ. ತಂತ್ರಜ್ಞಾನ ಇರುವುದು ದಾಣಾದಲ್ಲಿ.

ನಮ್ಮ ಕಂಪನಿಯ ವಾರ್ಷಿಕ ವರದಿಯಲ್ಲಿ "ಸ್ವಂತ ಸೂತ್ರ" ಅನ್ನುವ ಮಾತು ಎಷ್ಟು ಸಲ ಬಂದಿದೆ ಅಂತ ಹುಡುಗ ಎಣಿಸಿದ್ದ: ಹದಿನಾಲ್ಕು. ಅದೇ ವರದಿಯ ಹಿಂಭಾಗದಲ್ಲಿ, ಯಾರೂ ಓದದ ಟಿಪ್ಪಣಿಗಳಲ್ಲಿ, ಕಚ್ಚಾ ವಸ್ತುವಿನ ಆಮದು ಅಂತ ಒಂದು ಸಾಲು ಇತ್ತು. ಅದನ್ನು ಹಿಡಿದದ್ದು ಕ್ಯಾಷಿಯರ್. ಮೂವತ್ತು ವರ್ಷ ನೋಟು ಎಣಿಸಿದವರು, ಮೊದಲು ಕೊನೆಯ ಪುಟ ನೋಡುತ್ತಾರೆ. ಕೊಂಡ ಕಚ್ಚಾ ವಸ್ತುವಿನಲ್ಲಿ ಹೆಚ್ಚಿನ ಪಾಲು ಹೊರದೇಶದ್ದು. ಪಿಬಿಎಟಿಯನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದು ಚೀನಾದ ಕಾರ್ಖಾನೆಗಳು, ಜರ್ಮನಿಯ ಬಿಎಎಸ್‌ಎಫ್‌ನಂಥ ದೊಡ್ಡವರು. ಡಾಲರ್ ಏರಿದರೆ, ಹಡಗು ಬಾಡಿಗೆ ಏರಿದರೆ, ಕವರಿನ ರೇಟು ಏರಲೇಬೇಕು. ಏರಿಸಿದರೆ ನನ್ನಂಥವನು ಕೊಳ್ಳುವುದಿಲ್ಲ. ಮೊದಲೇ ಸಾದಾ ದಾಣಾಕ್ಕಿಂತ ದುಪ್ಪಟ್ಟು ಮೀರಿದ ರೇಟು. ನಡುವೆ ಸಿಕ್ಕವನು ಕವರು ಊದುವವನು. ನಾವು ಶೇರು ಕೊಂಡದ್ದು ಅವನದು.

ದಾಣಾವನ್ನೇ ಮಾಡಲು ಹೊರಟವರ ಗಾತ್ರ ನೋಡಿದರೆ ವಿಷಯ ಇನ್ನೂ ತಿಳಿಯುತ್ತದೆ. ಬಲರಾಂಪುರ್ ಚೀನಿ ಮಿಲ್ಸ್ 2024ರಲ್ಲಿ ಉತ್ತರ ಪ್ರದೇಶದ ಕುಂಭಿಯ ಸಕ್ಕರೆ ಕಾರ್ಖಾನೆ ಪಕ್ಕ ಪಿಎಲ್‌ಎ ಘಟಕ ಘೋಷಿಸಿತು. ವರ್ಷಕ್ಕೆ 75-80 ಸಾವಿರ ಟನ್ ಸಾಮರ್ಥ್ಯ, ಹೂಡಿಕೆ ಎರಡು ಸಾವಿರ ಕೋಟಿಗೂ ಮೇಲೆ. ಕಬ್ಬೂ ಅವರದೇ, ಸಕ್ಕರೆಯೂ ಅವರದೇ. ನಮ್ಮ ಎಸ್‌ಎಂಇ ಕಂಪನಿಯ ಒಟ್ಟು ಮಾರುಕಟ್ಟೆ ಬೆಲೆ ಆ ಹೂಡಿಕೆಯ ಬಡ್ಡಿಗೂ ಸಾಲುತ್ತಿರಲಿಲ್ಲ.

ದಾಣಾದ ಜೊತೆಗೇ ಇನ್ನೊಂದು ಸಣ್ಣ ಸಂಗತಿ, ಅಂಗಡಿಯವನಿಗೆ ಮಾತ್ರ ಕಾಣುವಂಥದ್ದು. ಕರಗುವ ಕವರು ಗೋಡೌನಿನಲ್ಲೂ ಕರಗುವ ಯೋಚನೆಯಲ್ಲೇ ಇರುತ್ತದೆ. ಕಂಪನಿಯ ಮೇಲಿನ ಅಭಿಮಾನಕ್ಕೆ ಐವತ್ತು ಕೆಜಿ ತರಿಸಿ ಅಟ್ಟದಲ್ಲಿಟ್ಟಿದ್ದೆ. ಒಂದು ಬೇಸಿಗೆ, ಒಂದು ಮಳೆಗಾಲ ದಾಟಿತು. ದೀಪಾವಳಿಗೆ ಬಂಡಲ್ ಬಿಚ್ಚಿದರೆ ಮಡಿಕೆ ಇದ್ದಲ್ಲೆಲ್ಲ ಹಪ್ಪಳದಂತೆ ಹರಿಯಿತು. ಒಂದು ಕೆಜಿ ಟೊಮೆಟೊ ಹಾಕಿ ಎತ್ತಿದರೆ ಹಿಡಿಕೆ ಉದ್ದವಾಗುತ್ತಾ ಉದ್ದವಾಗುತ್ತಾ ಗಿರಾಕಿಯ ಮೊಣಕಾಲಿಗೆ ಬಂತು. ವಾಪಸ್ ತಗೊಳ್ಳಿ ಅಂತ ಕೇಳಿದೆ. ಆರು ತಿಂಗಳೊಳಗೆ ಬಳಸಬೇಕು ಅಂತ ಬಿಲ್ಲಿನ ಹಿಂದೆ ಬರೆದಿದೆಯಂತೆ. ಬರೆದಿತ್ತು, ಹೌದು.

4. ಈ ಹಾದಿಯಲ್ಲಿ ಮೊದಲು ನಡೆದವರ ಗೋರಿ ನೋಡಿ ಬನ್ನಿ

ನಾವು ಹೊಸದೊಂದು ಯುಗದ ಬಾಗಿಲಲ್ಲಿದ್ದೇವೆ ಅಂತ ಹುಡುಗ ಹೇಳುತ್ತಿದ್ದ. ಹೊಸದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅರ್ಥ್‌ಶೆಲ್ ಅಂತ ಕಂಪನಿ ಇತ್ತು. ಸುಣ್ಣದ ಕಲ್ಲಿನ ಪುಡಿ, ಆಲೂಗಡ್ಡೆ ಪಿಷ್ಟ, ನಾರು, ನೀರು ಕಲಸಿ ಹಿಟ್ಟು ಮಾಡಿ, ಕಾದ ಅಚ್ಚಿಗೆ ಸುರಿದು ಡಬ್ಬಿ ಬೇಯಿಸುವುದು. ನಮ್ಮ ಪಡ್ಡಿನ ಕಾವಲಿಯೇ, ದೊಡ್ಡದು ಅಷ್ಟೆ. 1998ರಲ್ಲಿ ಶೇರೊಂದಕ್ಕೆ 21 ಡಾಲರಿನಂತೆ ಪೇಟೆಗೆ ಬಂತು. ಮ್ಯಾಕ್‌ಡೊನಾಲ್ಡ್ಸ್‌ನ ಬಿಗ್ ಮ್ಯಾಕ್ ಡಬ್ಬಿ ಇದರದೇ ಆಗುತ್ತದೆ ಅನ್ನುವ ಸುದ್ದಿಗೆ ಸಣ್ಣ ಹೂಡಿಕೆದಾರರು ವರ್ಷಗಟ್ಟಲೆ ಜೋತುಬಿದ್ದರು. ಡಬ್ಬಿಯೂ ಆಯಿತು, ಪರೀಕ್ಷೆಯೂ ಆಯಿತು. ಕಾಗದ ಮತ್ತು ಫೋಮಿನ ರೇಟಿಗೆ ಕೋಟಿಗಟ್ಟಲೆ ಡಬ್ಬಿ ಬೇಯಿಸಿ ಕೊಡುವುದು ಆಗಲಿಲ್ಲ. 2007ರ ಜನವರಿಯಲ್ಲಿ ದಿವಾಳಿ ಅರ್ಜಿ.

ಎಂಐಟಿಯ ಸಂಶೋಧನೆಯಿಂದ ಹುಟ್ಟಿದ ಮೆಟಾಬಾಲಿಕ್ಸ್ ಇದಕ್ಕಿಂತ ಗಟ್ಟಿ ಕುಳ. ಧಾನ್ಯ ವ್ಯಾಪಾರದ ದೈತ್ಯ ಎಡಿಎಂ ಜೊತೆ ಸೇರಿ ಅಯೋವಾದ ಕ್ಲಿಂಟನ್‌ನಲ್ಲಿ ವರ್ಷಕ್ಕೆ 50 ಸಾವಿರ ಟನ್ನಿನ ಕರಗುವ ಪ್ಲಾಸ್ಟಿಕ್ ಘಟಕ ಕಟ್ಟಿತು. 2012ರ ಜನವರಿಯಲ್ಲಿ ಎಡಿಎಂ ಕೈಬಿಟ್ಟಿತು. ಆಮೇಲೆ ಡ್ಯಾನಿಮರ್ ಸೈಂಟಿಫಿಕ್. ಕೆನೋಲಾ ಎಣ್ಣೆ ತಿನ್ನಿಸಿ ಬ್ಯಾಕ್ಟೀರಿಯಾದಿಂದ ಪಿಎಚ್‌ಎ ಅನ್ನುವ ಪ್ಲಾಸ್ಟಿಕ್ ತೆಗೆಯುವವರು, ಸಮುದ್ರದಲ್ಲೂ ಕರಗುವ ಸ್ಟ್ರಾ ಅವರದು. 2020ರ ಕೊನೆಗೆ ನ್ಯೂಯಾರ್ಕ್ ಪೇಟೆಗೆ ಬಂತು, 2021ರ ಫೆಬ್ರವರಿಯಲ್ಲಿ ಶೇರು 60 ಡಾಲರ್ ದಾಟಿತು, 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಮೂವರದೂ ಮೋಸದ ಸರಕಲ್ಲ. ಮೇಷ್ಟ್ರು ಈಗಲೂ ಪಿಎಚ್‌ಎ ಬಗ್ಗೆ ಮಾತಾಡುವಾಗ ಮೊಮ್ಮಗನ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾರೆ. ವಿಜ್ಞಾನ ಪಾಸಾಗಿ ವ್ಯಾಪಾರ ಫೇಲಾಗಬಹುದು ಅನ್ನುವುದನ್ನು ಒಪ್ಪಲು ಅವರಿಗೆ ಎರಡು ವರ್ಷ ಹಿಡಿಯಿತು. ನನಗೆ ಮೂರು.

5. ಪಾಯಸಕ್ಕೆ ಎಷ್ಟು ಸಲ ನೀರು ಬಿತ್ತು?

ಇಂಥ ಕಂಪನಿಗೆ ಸದಾ ಹಣ ಬೇಕು. ಬ್ಯಾಂಕು ಕೊಡದಿದ್ದರೆ ಹೊಸ ಶೇರು ಹಂಚುತ್ತಾರೆ. ನಮ್ಮದು ಎರಡು ಸಲ ಆಯ್ದ ಕೆಲವರಿಗೆ ಪ್ರಿಫರೆನ್ಶಿಯಲ್ ಶೇರು ಕೊಟ್ಟಿತು, ಒಂದು ಸಲ ಪ್ರಮೋಟರ್‌ಗಳಿಗೆ ವಾರಂಟು. ವಾರಂಟ್ ಅಂದರೆ ಈಗ ನಾಲ್ಕನೇ ಒಂದು ಭಾಗ ಕಟ್ಟಿ, ಉಳಿದದ್ದನ್ನು 18 ತಿಂಗಳೊಳಗೆ ಕಟ್ಟುವ ಹಕ್ಕು. ಕಟ್ಟದಿದ್ದರೆ ಮುಂಗಡ ಮುಳುಗುತ್ತದೆ. ಪ್ರಮೋಟರೇ ದುಡ್ಡು ಹಾಕುತ್ತಿದ್ದಾನೆ ಅಂತ ನಾವು ಸ್ವೀಟ್ ತರಿಸಿ ತಿಂದೆವು. ಹತ್ತು ಜನರ ಪಾಯಸಕ್ಕೆ ಹದಿನಾರು ಎಲೆ ಹಾಕಿದ್ದಾರೆ ಅಂತ ಕ್ಯಾಷಿಯರ್ ಹೇಳಿದ್ದು ಯಾರಿಗೂ ರುಚಿಸಲಿಲ್ಲ.

ಲಾಭದ ಪಕ್ಕದಲ್ಲೇ ಉದ್ರಿಯ ಕಾಲಂ ನೋಡಿ. ಮಾರಾಟ ಏರುತ್ತಿತ್ತು, ಬರಬೇಕಾದ ಬಾಕಿ ಅದಕ್ಕಿಂತ ಜೋರಾಗಿ ಏರುತ್ತಿತ್ತು. ನನ್ನ ಅಂಗಡಿಯಲ್ಲಿ ಹೀಗಾದರೆ ಹೆಂಡತಿ ಎರಡನೇ ತಿಂಗಳಿಗೇ ಖಾತೆ ಪುಸ್ತಕ ಕಿತ್ತುಕೊಳ್ಳುತ್ತಾಳೆ. ಎಸ್‌ಎಂಇ ಕಂಪನಿಗಳು ಫಲಿತಾಂಶ ಕೊಡುವುದು ಆರು ತಿಂಗಳಿಗೊಮ್ಮೆ. ನಡುವಿನ ಆರು ತಿಂಗಳು ನಾವು ಸುದ್ದಿ ತಿಂದುಕೊಂಡಿದ್ದೆವು.

6. ಒಂದು ಕಾಗದ ಸಾಕು

ಆಕ್ಸೊ ಅನ್ನುವ ಪುಡಿ ಬೆರೆಸಿ ಸಾದಾ ಪ್ಲಾಸ್ಟಿಕ್ಕನ್ನೇ ಚೂರಾಗಿಸುವ ಸರಕು ಒಂದು ಕಾಲಕ್ಕೆ ನನ್ನ ಅಂಗಡಿಗೂ ಬಂದಿತ್ತು. ಐರೋಪ್ಯ ಒಕ್ಕೂಟ 2021ರ ಜುಲೈ 3ರಿಂದ ಅದನ್ನು ನಿಷೇಧಿಸಿತು. ಅಲ್ಲಿಗೆ ಅದನ್ನೇ ನಂಬಿದವರ ಅಲ್ಲಿನ ಪೇಟೆ ಮುಗಿಯಿತು.

ಇದು ದೂರದ ಮಾತು ಅಂದುಕೊಂಡಿದ್ದ ಗೌಡರ ಮನೆ ಬಾಗಿಲಿಗೇ 2025ರ ಮೇ ತಿಂಗಳಲ್ಲಿ ಇನ್ನೊಂದು ಕಾಗದ ಬಂತು. ಅಡಿಕೆಯ ಆಲ್ಕಲಾಯ್ಡ್‌ಗಳು ಊಟಕ್ಕೆ ಸೇರಬಹುದು ಅಂತ ಅಮೆರಿಕದ ಎಫ್‌ಡಿಎ ಹಾಳೆ ತಟ್ಟೆಗಳ ಆಮದಿಗೆ ತಡೆ ಹಾಕಿತು. ಮದುವೆ ಮನೆಯಲ್ಲಿ ಊಟ ಬಡಿಸಿಕೊಂಡು ಬಂದ ತಟ್ಟೆ. ದಾಣಾ ಬೇಡ, ಪೇಟೆಂಟ್ ಬೇಡ, ಮರದಿಂದ ಉದುರಿದ್ದನ್ನು ತೊಳೆದು ಒತ್ತಿದರೆ ಆಯಿತು. ಗೌಡರ ಭಾವಮೈದ ಹಾಳೆ ಒತ್ತುವ ಮಷಿನ್ ಹಾಕಿದ್ದು ರಫ್ತಿನವರನ್ನೇ ನಂಬಿ. ಈಗ ಆ ತಟ್ಟೆ ನನ್ನ ಅಂಗಡಿಗೆ ಬರುತ್ತಿದೆ, ಕಡಿಮೆ ರೇಟಿಗೆ. ಕೊಳ್ಳುವಾಗ ಮುಖ ನೋಡಲು ಆಗುವುದಿಲ್ಲ.

7. ಮಾರುವ ದಿನ ಕೊಳ್ಳುವವನು ಇರಬೇಕು

ಎಸ್‌ಎಂಇ ಶೇರನ್ನು ಬಿಡಿಯಾಗಿ ಮಾರಲಾಗದು, ಇಡೀ ಲಾಟ್ ಹೋಗಬೇಕು. ಪೇಟೆಗೆ ಹೊಸದಾಗಿ ಬರುವಾಗಲೇ ಒಂದು ಲಾಟಿನ ಬೆಲೆ ಲಕ್ಷ ರೂಪಾಯಿ ಮೇಲಿರುತ್ತಿತ್ತು. ಫಲಿತಾಂಶ ಕೆಟ್ಟ ದಿನ ಶೇರು ಲೋವರ್ ಸರ್ಕ್ಯೂಟಿಗೆ, ಅಂದರೆ ಒಂದು ದಿನಕ್ಕೆ ಇಳಿಯಬಹುದಾದ ಕೊನೆಯ ಮಿತಿಗೆ, ಬಿತ್ತು. ಮರುದಿನವೂ ಅದೇ. ಒಂಬತ್ತು ಕಾಲಕ್ಕೆ ಆರ್ಡರ್ ಹಾಕಿ ಕೂತರೆ ಎದುರು ಸಾಲಿನಲ್ಲಿ ಸೊನ್ನೆ. ಹುಡುಗ ಮತ್ತು ಕ್ಯಾಷಿಯರ್ ಒಂದು ತಿಂಗಳು ಮೊದಲೇ ಮಾರಿದ್ದರು, ನಮಗೆ ಹೇಳಿರಲಿಲ್ಲ. ಆ ಭಾನುವಾರ ದೋಸೆಗೆ ಬಂದವರು ಮೂರೇ ಜನ. ಆಮೇಲೆ ಎಲ್ಲ ಸರಿಹೋಯಿತು, ಅನ್ನಿ.

ನನ್ನದು ಒಂದು ಲಾಟ್ ಹೋಯಿತು, ಹಾಕಿದ್ದರ ಮೂರನೇ ಒಂದು ಭಾಗಕ್ಕೆ. ಇನ್ನೊಂದು ಇಟ್ಟುಕೊಂಡಿದ್ದೇನೆ. ಏರುತ್ತದೆ ಅಂತಲ್ಲ. ಶೇರುದಾರನಾದರೆ ವರ್ಷಕ್ಕೊಮ್ಮೆ ವಾರ್ಷಿಕ ಸಭೆಯ ಲಿಂಕ್ ಬರುತ್ತದೆ. ಕಳೆದ ಸಲ ಮೊಬೈಲನ್ನು ತಕ್ಕಡಿಗೆ ಒರಗಿಸಿಕೊಂಡು ಕೂತು, ನನ್ನ ಸರದಿ ಬಂದಾಗ ಕೇಳಿದೆ: ದಾಣಾ ಎಲ್ಲಿಂದ ತರುತ್ತೀರಿ, ಕೆಜಿಗೆ ಏನು ಬೀಳುತ್ತದೆ? ಸಮಯದ ಅಭಾವ, ಇ-ಮೇಲ್‌ನಲ್ಲಿ ಉತ್ತರಿಸುತ್ತೇವೆ ಅಂದರು. ಹನ್ನೊಂದು ದಿನಕ್ಕೆ ಉತ್ತರ ಬಂತು. ಗೌರವಾನ್ವಿತ ಶೇರುದಾರರೇ ಅಂತ ಶುರುವಾಗಿ, ಕಚ್ಚಾ ವಸ್ತುವನ್ನು ವಿವಿಧ ಮೂಲಗಳಿಂದ ಸ್ಪರ್ಧಾತ್ಮಕ ದರದಲ್ಲಿ ಖರೀದಿಸಲಾಗುತ್ತಿದೆ ಅಂತ ಮುಗಿದಿತ್ತು. ಪ್ರಿಂಟ್ ತೆಗೆಸಿ ಗಲ್ಲಾದ ಮೇಲೆ ಅಂಟಿಸಿದ್ದೇನೆ. ಹೊಸ ಮಾಲಿನ ಸೇಲ್ಸ್‌ಮನ್‌ಗಳು ಬಂದು ನಿಂತಾಗ ಅದನ್ನು ಓದುತ್ತಾರೆ, ಇದೇನು ಸಾರ್ ಅಂತ ಕೇಳುತ್ತಾರೆ.