ಸಹಿ ಆದ ಮೇಲೆ ಶುರುವಾಗೋ ಕೆಲಸ

ದೊಡ್ಡ ಬ್ಯಾಂಕುಗಳು ತಮಗೆ ಬೇಕಾದ ಸಾಫ್ಟ್‌ವೇರನ್ನೆಲ್ಲ ತಾವೇ ಬರೆಯೋದಿಲ್ಲ. ಸರ್ವರ್, ಎಟಿಎಂ, ಆ್ಯಪ್ ಹೀಗೆ ಬಹಳಷ್ಟು ಹೊರಗಿನ ಕಂಪನಿಗಳಿಂದ ಬರುತ್ತೆ. ಯಾರಿಂದ ಕೊಳ್ಳಬೇಕು, ಯಾವ ಷರತ್ತಿನ ಮೇಲೆ, ಒಪ್ಪಿಕೊಂಡ ಹಾಗೆ ಕೆಲಸ ನಡೀತಿದೆಯಾ ಅಂತ ನೋಡಿಕೊಳ್ಳೋದೇ ಖರೀದಿ ಮತ್ತು ಗುತ್ತಿಗೆ ನಿರ್ವಹಣೆ. ಇದೆಲ್ಲ ಕಾಮರ್ಸ್‌ನವರ ತಲೆನೋವು ಅಂತ ನಾವು ಅಂದ್ಕೊಂಡಿರ್ತೀವಿ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕಥೆ ನೋಡಿದರೆ ಹಾಗನ್ನಿಸೋದಿಲ್ಲ.

ಟಿಎಸ್‌ಬಿ ಮೊದಲು ಲಾಯ್ಡ್ಸ್ ಬ್ಯಾಂಕಿನ ಗುಂಪಿನಲ್ಲಿತ್ತು. 2015ರಲ್ಲಿ ಸ್ಪೇನಿನ ಸಬಾಡೆಲ್ ಬ್ಯಾಂಕ್ ಅದನ್ನು ಕೊಂಡುಕೊಂಡಿತು. ಆದರೆ ಕಂಪ್ಯೂಟರ್ ವ್ಯವಸ್ಥೆ ಇನ್ನೂ ಲಾಯ್ಡ್ಸ್‌ದೇ, ಅದಕ್ಕೆ ಪ್ರತಿ ವರ್ಷ ದುಡ್ಡು ಕಟ್ಟಬೇಕು. ಹಾಗಾಗಿ ಹೊಸ ವ್ಯವಸ್ಥೆ ಕಟ್ಟಿ, 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಖಾತೆಗಳನ್ನು ಅದಕ್ಕೆ ಸಾಗಿಸೋ ಕೆಲಸ ಸಾಬಿಸ್ ಅನ್ನೋ ಕಂಪನಿಗೆ ಹೋಯಿತು. ಸಾಬಿಸ್ ಸಬಾಡೆಲ್‌ನದೇ ಐಟಿ ಕಂಪನಿ. ಅಂದ್ರೆ ಕೊಳ್ಳೋರೂ ಮಾರೋರೂ ಒಂದೇ ಮನೆಯವರು. (ನೆಂಟರ ಅಂಗಡೀಲಿ ಬಿಲ್ ಕೇಳೋಕೆ ನಮಗೂ ಸಂಕೋಚ ಆಗುತ್ತಲ್ಲ!) ಸಾಬಿಸ್ ಕೆಳಗೆ ಮತ್ತೆ 85 ಉಪಗುತ್ತಿಗೆದಾರರು.

2018ರ ಏಪ್ರಿಲ್‌ನಲ್ಲಿ ಖಾತೆಗಳನ್ನು ಸಾಗಿಸಿದರು. ಡೇಟಾ ಸರಿಯಾಗಿಯೇ ಬಂತು, ವ್ಯವಸ್ಥೆ ಕುಸಿಯಿತು. ಒಂದು ಹಂತದಲ್ಲಿ 19 ಲಕ್ಷ ಜನಕ್ಕೆ ತಮ್ಮ ಖಾತೆ ತೆರೆಯೋಕೇ ಆಗಲಿಲ್ಲ. ಎಲ್ಲ ಮೊದಲಿನಂತಾಗಲು ಡಿಸೆಂಬರ್‌ವರೆಗೆ ಹಿಡಿಯಿತು.

ಕಾರಣ ಹುಡುಕಿದಾಗ ಸಿಕ್ಕಿದ್ದು ನಮಗೆ ಚೆನ್ನಾಗಿ ಅರ್ಥವಾಗೋ ವಿಷಯ. ಒಟ್ಟಿಗೆ ಕೆಲಸ ಮಾಡಬೇಕಾದ ಎರಡು ಡೇಟಾ ಸೆಂಟರ್‌ಗಳಲ್ಲಿ ಲೋಡ್ ಟೆಸ್ಟ್ ಆಗಿದ್ದು ಒಂದಕ್ಕೆ ಮಾತ್ರ. 'ನಾವು ತಯಾರಿದ್ದೇವೆ' ಅಂತ ಸಾಬಿಸ್ ಪತ್ರ ಕೊಟ್ಟಿತ್ತು. ಆದರೆ ಅದರ ಹಿಂದಿದ್ದ ಉಪಗುತ್ತಿಗೆದಾರರ ಕೆಲವು ಉತ್ತರಗಳಲ್ಲಿ ಇದ್ದದ್ದು 'ಆ ಹೊತ್ತಿಗೆ ತಯಾರಾಗುತ್ತೆ' ಅನ್ನೋ ನಿರೀಕ್ಷೆ, ಟೆಸ್ಟ್ ಫಲಿತಾಂಶ ಅಲ್ಲ. ಬ್ಯಾಂಕು ಅದನ್ನು ಕೆದಕಿ ಕೇಳಲಿಲ್ಲ.

2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು. ಕಟ್ಟಿದ್ದು ಬ್ಯಾಂಕು. ಮರುವರ್ಷ ಆಗಿನ ಸಿಐಒ, ಅಂದ್ರೆ ಐಟಿ ಮುಖ್ಯಸ್ಥರಿಗೆ, ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು. ಆರೋಪ ಕೆಟ್ಟ ಕೋಡ್ ಬರೆದರು ಅಂತಲ್ಲ, ಗುತ್ತಿಗೆದಾರ ನಿಜವಾಗಿ ತಯಾರಿದ್ದಾನಾ ಅಂತ ಸಾಕಷ್ಟು ಖಾತ್ರಿ ಮಾಡಿಕೊಳ್ಳಲಿಲ್ಲ ಅಂತ. ನಮ್ಮ ಪ್ರಕಾರ ಇಡೀ ಪ್ರಕರಣದಲ್ಲಿ ಎರಡು ಸಲ ಓದಬೇಕಾದ ಭಾಗ ಇದೇ.

ನಮ್ಮ ದೇಶದಲ್ಲೂ ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಐಟಿ ಹೊರಗುತ್ತಿಗೆ ಬಗ್ಗೆ ನಿರ್ದೇಶನ ಹೊರಡಿಸಿತು. ಕೆಲಸ ಹೊರಗೆ ಕೊಟ್ಟರೂ ಜವಾಬ್ದಾರಿ ಬ್ಯಾಂಕಿನದೇ ಅಂತ ಅದರಲ್ಲಿದೆ. ಗುತ್ತಿಗೆದಾರರನ್ನು ಆಡಿಟ್ ಮಾಡೋ ಹಕ್ಕು ಒಪ್ಪಂದದಲ್ಲಿ ಇರಬೇಕು, ಹೊರಬರೋ ದಾರಿಯೂ ಮೊದಲೇ ಯೋಚಿಸಿರಬೇಕು. ಈ ಕೊನೆಯದು ಕೇಳೋಕೆ ಸುಲಭ. ನಾಳೆ ಕಂಪನಿ ಬದಲಾಯಿಸಿದರೆ ಡೇಟಾ ಯಾವ ಫಾರ್ಮ್ಯಾಟ್‌ನಲ್ಲಿ ವಾಪಸ್ ಬರುತ್ತೆ, ಎಷ್ಟು ದಿನದಲ್ಲಿ, ಹಳೇ ಕಾಪಿ ಅಳಿಸಿದ್ದನ್ನು ಯಾರು ಪರೀಕ್ಷಿಸ್ತಾರೆ? ಆ ಸಾಲುಗಳನ್ನು ವಕೀಲರು ಒಬ್ಬರೇ ಕೂತು ಬರೆಯೋಕಾಗಲ್ಲ, ಪಕ್ಕದಲ್ಲಿ ಡೇಟಾಬೇಸ್ ಗೊತ್ತಿರೋರು ಒಬ್ಬರು ಇರಲೇಬೇಕು.